ಶಾಸ್ತ್ರ ಯಾವುದು, ಶಾಸ್ತ್ರದ ವೇಷ ಯಾವುದು?

ನಮ್ಮ ವಾಚನಾಲಯದ ಮೇಜಿನ ಮೇಲೆ ಬಗೆಬಗೆಯ ಪುಸ್ತಕಗಳು ಬಂದು ಸೇರುತ್ತವೆ. ಕೆಲವನ್ನು ಸಂಘವು ಕೊಳ್ಳುತ್ತದೆ. ಕೆಲವನ್ನು ಸದಸ್ಯರು ಪ್ರೀತಿಯಿಂದ ಕೊಡುತ್ತಾರೆ. ಕೆಲವು ಯಾರೂ ಕೇಳದೆ ತಾವಾಗಿಯೇ ಟಪಾಲಿನಲ್ಲಿ ಬರುತ್ತವೆ. ಅವುಗಳಲ್ಲಿ ಒಂದು ನ್ಯೂಟನ್ನನ ನಿಯಮಗಳನ್ನು ವಿವರಿಸಿದರೆ, ಅದರ ಪಕ್ಕದಲ್ಲಿಯೇ ಬಿದ್ದಿರುವ ಇನ್ನೊಂದು ಆ ನಿಯಮಗಳೆಲ್ಲ ಸುಳ್ಳೆಂದು ಸಾರುತ್ತದೆ. ಒಂದು ವಿದ್ಯುಚ್ಛಕ್ತಿಯ ಲೆಕ್ಕ ಹೇಳಿದರೆ, ಇನ್ನೊಂದು ಇಂಧನವೇ ಇಲ್ಲದೆ ಓಡುವ ಯಂತ್ರದ ಚಿತ್ರವನ್ನು ತೋರಿಸುತ್ತದೆ. ಎರಡರ ಅಚ್ಚೂ ಚೆನ್ನಾಗಿರುತ್ತದೆ. ಎರಡರಲ್ಲಿಯೂ ಸಮೀಕರಣಗಳುಂಟು, ಎರಡರ ಲೇಖಕರಿಗೂ ಬಿರುದುಗಳುಂಟು. ಇವುಗಳಲ್ಲಿ ಯಾವುದನ್ನು ನಂಬಬೇಕೆಂದು ಓದಲು ಬರುವ ತರುಣರು ಕೇಳುವುದುಂಟು.

ಪ್ರಶ್ನೆ ಸಣ್ಣದಲ್ಲ. ಭೌತಶಾಸ್ತ್ರದ ಉನ್ನತ ಗಣಿತ ನಮ್ಮಂಥ ಮೆಟ್ರಿಕ್ ಓದಿದವರಿಗೆ ಬಾರದು. ಹಾಗೆಂದು ಹೇಳಿದವರ ಮಾತನ್ನೆಲ್ಲ ನಂಬಬೇಕೆ? ಅಥವಾ ಎಲ್ಲವನ್ನೂ ಅನುಮಾನಿಸಿ ಸುಮ್ಮನಿರಬೇಕೆ? ಎರಡೂ ಬೇಕಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮಲ್ಲಿ ಗಾದೆಯೇ ಇದೆ. ಹಾಗೆ ಪ್ರಮಾಣಿಸಿ ನೋಡುವುದು ಹೇಗೆಂಬುದನ್ನು ಕನ್ನಡನಾಡಿಗೂ ನಮ್ಮ ಈ ಮುಂಬಯಿಗೂ ಸಂಬಂಧಪಟ್ಟ ಕೆಲವು ನಿಜ ಪ್ರಸಂಗಗಳ ಮೂಲಕ ವಿಚಾರ ಮಾಡೋಣ.

ಆನೇಕಲ್ಲಿನಿಂದ ಕಲೀನಾದವರೆಗೆ

ಬೆಂಗಳೂರಿಗೆ ಸಮೀಪದ ಆನೇಕಲ್ಲಿನಲ್ಲಿ ಪಂಡಿತ ಸುಬ್ಬರಾಯ ಶಾಸ್ತ್ರಿಗಳೆಂಬವರು ಇದ್ದರು. ಭರದ್ವಾಜ ಮಹರ್ಷಿಗಳು ರಚಿಸಿದ ವಿಮಾನಶಾಸ್ತ್ರವು ತಮಗೆ ಅಂತರ್ದೃಷ್ಟಿಯಿಂದ ಗೋಚರಿಸುವುದೆಂದು ಅವರು ಹೇಳಿ, 1918ರಿಂದ 1923ರವರೆಗೆ ಸಂಸ್ಕೃತ ಶ್ಲೋಕಗಳನ್ನು ಬಾಯಲ್ಲಿ ಹೇಳುತ್ತ ಬಂದರು. ಜಿ. ವೆಂಕಟಾಚಲ ಶರ್ಮರು ಅವನ್ನು ಬರೆದುಕೊಂಡರು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಕ್ಷೆ ಬರೆಯುತ್ತಿದ್ದ ಎಲ್ಲಪ್ಪನವರು 1923ರಲ್ಲಿ ಶಾಸ್ತ್ರಿಗಳ ಸೂಚನೆಯಂತೆ ವಿಮಾನಗಳ ಚಿತ್ರ ಬರೆದುಕೊಟ್ಟರು. 1952ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರರು ಈ ಗ್ರಂಥದ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಅದು 1959ರಲ್ಲಿ ಹಿಂದಿಯಲ್ಲಿಯೂ, 1973ರಲ್ಲಿ ಜೋಸ್ಯರರ ಇಂಗ್ಲಿಷ್ ಅನುವಾದದೊಡನೆಯೂ ಅಚ್ಚಾಯಿತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆ ಅದರಲ್ಲಿ ಬರುತ್ತದೆ.

ಈ ಗ್ರಂಥಕ್ಕೆ ಮುಂಬಯಿಯ ನಂಟು ಎರಡು ಬಗೆಯದು. ಇಲ್ಲಿನ ಶಿವಕರ ಬಾಪೂಜಿ ತಲಪಡೆಯವರು 1895ರಲ್ಲಿ ಚೌಪಾಟಿಯ ಮೇಲೆ ವಿಮಾನ ಹಾರಿಸಿದರೆಂಬ ಕಥೆಯನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. 2015ರಲ್ಲಿ ಅದನ್ನು ಸಿನಿಮಾ ಕೂಡ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೆಯ ಅಧಿವೇಶನ ನಡೆಯಿತು. ಅಲ್ಲಿ ಕ್ಯಾಪ್ಟನ್ ಆನಂದ ಬೋಡಸರೆಂಬ ನಿವೃತ್ತ ವಿಮಾನ ಶಿಕ್ಷಕರು ಈ ಗ್ರಂಥದ ಆಧಾರದ ಮೇಲೆ ಪ್ರಬಂಧ ಮಂಡಿಸಿ, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ದೇಶದಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುವ, ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಚಲಿಸುವ ವಿಮಾನಗಳಿದ್ದುವೆಂದು ಪ್ರತಿಪಾದಿಸಿದರು. ಸಭೆ ವಿಜ್ಞಾನಿಗಳದು, ಸ್ಥಳ ವಿಶ್ವವಿದ್ಯಾಲಯ. ಇದನ್ನು ಓದಿದ ಒಬ್ಬ ಹೈಸ್ಕೂಲು ವಿದ್ಯಾರ್ಥಿ ಇದೂ ವಿಜ್ಞಾನವೇ ಎಂದು ತಿಳಿದರೆ ತಪ್ಪು ಆ ಹುಡುಗನದೆ?

ಐವರು ಮಾಡಿದ ಪರೀಕ್ಷೆ

ಸ್ವಾರಸ್ಯವೆಂದರೆ, ಈ ಗ್ರಂಥದ ಪರೀಕ್ಷೆ ಅದಕ್ಕೆ ನಾಲ್ವತ್ತು ವರ್ಷ ಮೊದಲೇ ನಮ್ಮ ಬೆಂಗಳೂರಿನಲ್ಲಿ ಆಗಿಹೋಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ (ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಇದನ್ನೇ) ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು 1974ರಲ್ಲಿ ಇದನ್ನು ಕೈಗೆತ್ತಿಕೊಂಡರು. ಅವರು ನಕ್ಕು ತಳ್ಳಿಹಾಕಲಿಲ್ಲ. ಇಲ್ಲಿಯೇ ನಾವು ಗಮನಿಸತಕ್ಕ ಮೊದಲ ಅಂಶವಿದೆ. ಗ್ರಂಥ ಎಲ್ಲಿಂದ ಹೇಗೆ ಬಂತೆಂದು ವಿಚಾರಿಸಿದರು. ಶ್ಲೋಕಗಳ ಭಾಷೆಯನ್ನು ನೋಡಿದರು. ಚಿತ್ರಗಳನ್ನೂ ಅಳತೆಗಳನ್ನೂ ವಿಮಾನವಿದ್ಯೆಯ ಲೆಕ್ಕಕ್ಕೆ ಹಚ್ಚಿದರು.

ಅವರು ಕಂಡುಕೊಂಡದ್ದು ಇಷ್ಟು: ಗ್ರಂಥದ ಸಂಸ್ಕೃತ ವೈದಿಕ ಕಾಲದ್ದಲ್ಲ, ಸರಳವಾದ ಇತ್ತೀಚಿನ ಭಾಷೆ. ಗ್ರಂಥವು 1904ಕ್ಕಿಂತ ಹಿಂದಿನದಾಗಿರಲಾರದು. ರುಕ್ಮ ವಿಮಾನವೊಂದರಲ್ಲಿ ಮಾತ್ರ, ಮೇಲಿನಿಂದ ಗಾಳಿಯನ್ನು ಹೀರಿ ಕೆಳಕ್ಕೆ ನೂಕುವ ಪಂಖಗಳ ಸೂಚನೆ ಕೊಂಚ ಅರ್ಥವುಳ್ಳದ್ದೆಂದು ಅವರು ಒಪ್ಪಿದರು. ಆದರೆ ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ. ಹಾರಾಟದ ವಿಷಯವಾಗಿ ಹೇಳಿದ ಮಾತುಗಳು ಕೆಲವೆಡೆ ನ್ಯೂಟನ್ನನ ಚಲನ ನಿಯಮಗಳಿಗೇ ವಿರುದ್ಧವಾಗಿವೆ. ತಲಪಡೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಮಾಡಲು ಯತ್ನಿಸಿದರೆಂದೂ ಅವು ಹಾರಲಿಲ್ಲವೆಂದೂ ಆ ವರದಿಯಲ್ಲಿಯೇ ಬರುತ್ತದೆ. ಗ್ರಂಥವು ಬರಹಕ್ಕೆ ಇಳಿಯುವ ಮೊದಲೇ ತಲಪಡೆಯವರು ತೀರಿಕೊಂಡಿದ್ದರೆಂಬುದನ್ನೂ ಇದರ ಜೊತೆಗೆ ಇಟ್ಟು ನೋಡಬೇಕು.

ಇದಕ್ಕೆ ಎದುರಾಗಿ ಅಮೆರಿಕದ ರೈಟ್ ಸಹೋದರರ ನಡತೆಯನ್ನು ನೋಡಿರಿ. ಅವರು ಸೈಕಲ್ ಅಂಗಡಿಯವರು. ಕಾಲೇಜಿನ ಪದವಿ ಅವರಿಗಿರಲಿಲ್ಲ. 1901ರಲ್ಲಿ ಗಾಳಿಯ ಸುರಂಗವೊಂದನ್ನು ತಾವೇ ಕಟ್ಟಿ ನೂರಾರು ರೆಕ್ಕೆಗಳ ಆಕಾರವನ್ನು ಅಳೆದರು. 1903ನೆಯ ಡಿಸೆಂಬರ್ 17ರಂದು ಅವರ ಯಂತ್ರ ಮೊದಲ ಸಲ 12 ಸೆಕೆಂಡು ಕಾಲ 120 ಅಡಿ ಹಾರಿತು. ಅದೇ ದಿನ ನಾಲ್ಕನೆಯ ಸಲ 59 ಸೆಕೆಂಡಿನಲ್ಲಿ 852 ಅಡಿ ಹೋಯಿತು. ನೋಡಿದ ಸಾಕ್ಷಿಗಳುಂಟು, ಫೋಟೋ ಉಂಟು. ಆದರೂ ಫ್ರಾನ್ಸಿನವರು ನಂಬಲಿಲ್ಲ. 1908ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿಗೇ ಹೋಗಿ, ನಂಬದವರ ಕಣ್ಣೆದುರಿಗೆ ಹಾರಿ ತೋರಿಸಿದನು. ವಾದ ಅಲ್ಲಿಗೆ ಮುಗಿಯಿತು. ಚೌಪಾಟಿಯ ಕಥೆಗಾದರೋ ಆ ದಿನದ ಚಿತ್ರವಾಗಲಿ, ಯಂತ್ರದ ಅಳತೆಯಾಗಲಿ, ಉಳಿದ ಒಂದು ತುಂಡಾಗಲಿ ನಮ್ಮ ಮುಂದಿಲ್ಲ. ಸಾಹಸಕ್ಕಾಗಿ ತಲಪಡೆಯವರನ್ನು ಗೌರವಿಸೋಣ. ಹಾರಿತೆಂಬುದನ್ನು ಮಾತ್ರ ಆಧಾರ ಸಿಗುವವರೆಗೆ ಕಥೆಯೆಂದೇ ಇಟ್ಟುಕೊಳ್ಳಬೇಕು.

ವಿಚಿತ್ರವಾದದ್ದೆಲ್ಲ ಸುಳ್ಳಲ್ಲ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ಹೊಸದನ್ನು ಹೇಳಿದವರನ್ನೆಲ್ಲ ಲೋಕ ಮೊದಲು ಹಾಸ್ಯ ಮಾಡಿದೆ. ಗೆಲಿಲಿಯೋನನ್ನು ಶಿಕ್ಷಿಸಿದರು. ಹಾಗಾದರೆ ಇಂದು ಹಾಸ್ಯಕ್ಕೆ ಗುರಿಯಾದವರು ನಾಳೆ ಗೆಲ್ಲಲಾರರೆ?" ಮಾತು ಸರಿ. ಆದರೆ ಗೆಲಿಲಿಯೋ ಗೆದ್ದುದು ಹಾಸ್ಯಕ್ಕೆ ಗುರಿಯಾದುದರಿಂದಲ್ಲ. ಅವನು ದುರ್ಬೀನಿನಲ್ಲಿ ಕಂಡ ಗುರುಗ್ರಹದ ಚಂದ್ರರನ್ನು ಬೇರೆಯವರೂ ತಮ್ಮ ದುರ್ಬೀನಿನಲ್ಲಿ ಕಂಡುದರಿಂದ. ಮಾತು ವಿಚಿತ್ರವೆ ಅಲ್ಲವೆ ಎಂಬುದು ಒರೆಗಲ್ಲಲ್ಲ. ಇನ್ನೊಬ್ಬರ ಕೈಯಲ್ಲಿಯೂ ಅದು ನಿಲ್ಲುತ್ತದೆಯೆ ಎಂಬುದು ಒರೆಗಲ್ಲು. ಇದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ನಿದರ್ಶನ ಬೇರೆ ಬೇಕಿಲ್ಲ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಹೋಮಿ ಭಾಭಾರವರು 1945ರಲ್ಲಿ ಸ್ಥಾಪಿಸಿದರು. ಕುಲಾಬಾದ ಕೊನೆಯಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಅದರ ಕಟ್ಟಡವನ್ನು ಕಂಡವರಿದ್ದೀರಿ. ನಂಜನಗೂಡಿನಲ್ಲಿ ಹುಟ್ಟಿ ಅಲ್ಲಿಗೆ ಸೇರಿ, ಮುಂದೆ ಅದರ ನಿರ್ದೇಶಕರೂ ಆದ ಬಿ. ವಿ. ಶ್ರೀಕಂಠನ್‌ರವರು 1950ರ ದಶಕದ ಆರಂಭದಲ್ಲಿಯೇ ಕೋಲಾರದ ಗಣಿಗಳಿಗೆ ಇಳಿದು, ಆಕಾಶದಿಂದ ಸುರಿಯುವ ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಹೋಗುತ್ತವೆಂದು ಅಳೆಯತೊಡಗಿದರು. ಆಮೇಲೆ ಅದೇ ಗಣಿಯಲ್ಲಿ ನ್ಯೂಟ್ರಿನೊ ಎಂಬ ಕಣವನ್ನು ಹುಡುಕುವ ಕಾರ್ಯ ನಡೆಯಿತು. ಈ ಕಣಕ್ಕೆ ವಿದ್ಯುತ್ತಿಲ್ಲ. ತೂಕ ಇಲ್ಲವೆನ್ನುವಷ್ಟು ಕಡಮೆ. ಇಡೀ ಭೂಗೋಲವನ್ನು ಯಾವ ತಡೆಯೂ ಇಲ್ಲದೆ ಹಾಯ್ದುಹೋಗಬಲ್ಲದು. ಕೇಳಿದರೆ ಪುಷ್ಪಕ ವಿಮಾನಕ್ಕಿಂತ ಇದೇ ನಂಬಲು ಕಷ್ಟ! ಆದರೆ 1965ರಲ್ಲಿ ಮುಂಬಯಿಯವರೂ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರೂ ಕೂಡಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಬೇರೆಯೇ ಒಂದು ತಂಡ ಬೇರೆಯೇ ಉಪಕರಣದಿಂದ ಅದನ್ನೇ ಕಂಡಿತು. ಎರಡು ಖಂಡ, ಎರಡು ಗಣಿ, ಉತ್ತರ ಒಂದೇ. ವಿಚಿತ್ರವಾದ ಮಾತು ಹೀಗೆ ಶಾಸ್ತ್ರವಾಯಿತು.

ಇನ್ನು ಎರಡನೆಯ ಅಧ್ಯಾಯ. 1974ರಲ್ಲಿ ಇಬ್ಬರು ಅಮೆರಿಕನ್ ಭೌತಶಾಸ್ತ್ರಜ್ಞರು ಒಂದು ಸುಂದರವಾದ ವಾದವನ್ನು ಕಟ್ಟಿದರು. ಅದು ನಿಜವಾಗಬೇಕಾದರೆ, ಎಂದಿಗೂ ಅಳಿಯದೆಂದು ತಿಳಿದಿದ್ದ ಪ್ರೋಟಾನ್ ಕೂಡ ಬಲು ದೀರ್ಘಕಾಲದಲ್ಲಿ ಒಡೆಯಬೇಕು. ಒಂದು ಪ್ರೋಟಾನನ್ನು ಕಾದು ಕೂತರೆ ಯುಗಯುಗಗಳು ಸಾಲವು. ಆದರೆ ನೂರಾರು ಟನ್ ವಸ್ತುವಿನಲ್ಲಿರುವ ಅಸಂಖ್ಯ ಪ್ರೋಟಾನುಗಳಲ್ಲಿ ವರ್ಷಕ್ಕೆ ಒಂದೆರಡಾದರೂ ಒಡೆಯಬೇಕಷ್ಟೆ. ಈ ಉಪಾಯದಿಂದ ಕೋಲಾರದ ಆಳದಲ್ಲಿ 140 ಟನ್ ಕಬ್ಬಿಣದ ಹಲಗೆಗಳನ್ನು ಜೋಡಿಸಿ 1980ರಿಂದ ಕಾದರು. ಕೆಲವು ಘಟನೆಗಳು ಪ್ರೋಟಾನ್ ಒಡೆದಂತೆಯೇ ಕಂಡುವು, ಅವನ್ನು ಪ್ರಕಟಿಸಿದರು. ನಿಜವಾಗಿದ್ದರೆ ಕೋಲಾರದ ಹೆಸರು ಲೋಕದ ಪಠ್ಯಪುಸ್ತಕಗಳಲ್ಲೆಲ್ಲ ಸೇರುತ್ತಿತ್ತು. ಅಷ್ಟರಲ್ಲಿ ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ ಸಾವಿರಾರು ಟನ್ ನೀರು ತುಂಬಿ ಕಾದವರಿಗೆ ಅದು ಕಾಣಲಿಲ್ಲ. ಜಪಾನಿನವರಿಗೂ ಕಾಣಲಿಲ್ಲ. 1996ರಿಂದ ಜಪಾನಿನಲ್ಲಿ 50,000 ಟನ್ ನೀರಿನ ತೊಟ್ಟಿಯಲ್ಲಿ ಹುಡುಕಿದರೂ ಕಾಣಲಿಲ್ಲ. ಕೋಲಾರದ ಘಟನೆಗಳು ಪ್ರೋಟಾನ್ ಒಡೆದುದಕ್ಕೆ ಸಾಕ್ಷಿಯೆಂದು ಸ್ವೀಕೃತವಾಗಲಿಲ್ಲ. ನ್ಯೂಟ್ರಿನೊಗಳೂ ಅಂಥದೇ ಗುರುತನ್ನು ಬಿಡಬಲ್ಲವು. ಅಮೆರಿಕನ್ ಪಂಡಿತರ ಆ ವಾದವನ್ನೂ ಅದರ ಮೊದಲ ಸರಳ ರೂಪದಲ್ಲಿ ಬದಿಗಿಡಬೇಕಾಯಿತು. ಅವರಲ್ಲೊಬ್ಬರಿಗೆ 1979ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಪಾರಿತೋಷಕವೂ ಬಂದಿತ್ತು. ನೀರಿನ ತೊಟ್ಟಿಯ ಮುಂದೆ ಪಾರಿತೋಷಕ ನಡೆಯಲಿಲ್ಲ.

ಕೋಲಾರದವರ ಹಕ್ಕು ನಿಲ್ಲಲಿಲ್ಲವೆಂದು ಅವರ ಕೆಲಸ ಹುಸಿಶಾಸ್ತ್ರವಾಯಿತೆ? ಎಂದಿಗೂ ಇಲ್ಲ. ಎಷ್ಟು ಟನ್, ಎಷ್ಟು ಆಳ, ಎಷ್ಟು ದಿನ, ಏನು ಕಂಡೆವು ಎಂಬುದನ್ನೆಲ್ಲ ಬಿಚ್ಚಿಟ್ಟರು. ಅದರಿಂದಲೇ ಬೇರೆಯವರು ತೂಗಿ ನೋಡಲು ಸಾಧ್ಯವಾಯಿತು. ತಪ್ಪಾಗಬಲ್ಲ ಮಾತನ್ನು, ತಪ್ಪೋ ಸರಿಯೋ ನೋಡಬಲ್ಲಂತೆ ಹೇಳುವುದೇ ಶಾಸ್ತ್ರದ ನಡೆ.

ದೊಡ್ಡ ಸಂಸ್ಥೆಯೂ ಒಬ್ಬಂಟಿ ಮಾತೂ

ಹಾಗಾದರೆ ದೊಡ್ಡ ಸಂಸ್ಥೆಯ ಹೆಸರನ್ನು ನೋಡಿ ನಂಬಬಹುದೆ? ಅದೂ ಸಾಲದು. 1989ರ ಮಾರ್ಚ್ 23ರಂದು ಅಮೆರಿಕದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು, ಸೂರ್ಯನೊಳಗೆ ಕೋಟಿಗಟ್ಟಲೆ ಡಿಗ್ರಿ ಶಾಖದಲ್ಲಿ ನಡೆಯುವಂಥ ಪರಮಾಣುಬೀಜಗಳ ಕೂಡಿಕೆಯನ್ನು ತಾವು ಗಾಜಿನ ಪಾತ್ರೆಯ ತಣ್ಣನೆಯ ಭಾರಜಲದಲ್ಲಿ ನಡೆಸಿದೆವೆಂದು ಪತ್ರಕರ್ತರ ಮುಂದೆ ಘೋಷಿಸಿದರು. ನಮ್ಮ ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿಯೂ ಹಲವು ತಂಡಗಳು ಒಡನೆಯೇ ಪ್ರಯೋಗಕ್ಕೆ ತೊಡಗಿ, ತಮಗೂ ಕೂಡಿಕೆಯ ಗುರುತುಗಳು ಕಂಡುವೆಂದು ಅದೇ ವರ್ಷ ವರದಿ ಮಾಡಿದುವು. ಆದರೆ ಬೇಕೆಂದಾಗ ಮಾಡಿ ತೋರಿಸುವುದು ಆಗಲಿಲ್ಲ. ಲೋಕದ ಬಹುಪಾಲು ಪ್ರಯೋಗಶಾಲೆಗಳಿಗೆ ಏನೂ ಸಿಗಲಿಲ್ಲ. 1990ರ ದಶಕದ ಆರಂಭಕ್ಕೆ ಟ್ರಾಂಬೆಯಲ್ಲಿಯೂ ಆ ಕೆಲಸ ನಿಂತಿತು. ಪ್ರಯತ್ನಿಸಿದುದು ತಪ್ಪಲ್ಲ. ಸಂಸ್ಥೆಯ ಕೀರ್ತಿ ಪ್ರಯೋಗದ ಸ್ಥಾನವನ್ನು ತುಂಬಲಾರದೆಂಬುದಷ್ಟೆ ಇದರಿಂದ ತಿಳಿಯತಕ್ಕದ್ದು.

ಅಂತೆಯೇ ಬಹುಮತಕ್ಕೆ ವಿರುದ್ಧವಾದದ್ದೆಲ್ಲ ಹುಸಿಯೂ ಅಲ್ಲ. 1972ರಿಂದ 1989ರವರೆಗೆ ಕುಲಾಬಾದ ಅದೇ ಟಾಟಾ ಸಂಸ್ಥೆಯಲ್ಲಿದ್ದ ಜಯಂತ ನಾರಳೀಕರರು, ಒಂದು ಮಹಾಸ್ಫೋಟದಿಂದ ವಿಶ್ವ ಹುಟ್ಟಿತೆಂಬ ಮತವನ್ನು ಒಪ್ಪದೆ 2025ರಲ್ಲಿ ತೀರಿಕೊಳ್ಳುವವರೆಗೂ ಬೇರೆ ದಾರಿಯಲ್ಲಿ ನಡೆದರು. ಹೆಚ್ಚಿನ ವಿಜ್ಞಾನಿಗಳು ಅವರೊಡನೆ ಹೋಗಲಿಲ್ಲ. ಆದರೂ ಅವರನ್ನು ಯಾರೂ ಹುಸಿಶಾಸ್ತ್ರಿಯೆನ್ನಲಿಲ್ಲ. ಏಕೆಂದರೆ ತಮ್ಮ ಮತ ನಿಜವಾದರೆ ಆಕಾಶದಲ್ಲಿ ಏನು ಕಾಣಬೇಕೆಂಬುದನ್ನು ಲೆಕ್ಕ ಹಾಕಿ ಬರೆದರು. ವಿರುದ್ಧ ಸಾಕ್ಷ್ಯವನ್ನು ಬಚ್ಚಿಡದೆ ಅದಕ್ಕೆ ಉತ್ತರ ಹುಡುಕಿದರು. ತಮ್ಮನ್ನು ಒಪ್ಪದವರನ್ನು ಪಿತೂರಿಗಾರರೆಂದು ಕರೆಯಲಿಲ್ಲ.

ನಮ್ಮ ಕೈಗೆಟುಕುವ ಒರೆಗಲ್ಲು

ಈ ಪ್ರಸಂಗಗಳಿಂದ ಸಾಮಾನ್ಯ ಓದುಗನು ಕೇಳಬಹುದಾದ ಐದು ಪ್ರಶ್ನೆಗಳು ಹೊರಡುತ್ತವೆ. ಇವುಗಳಿಗೆ ಉನ್ನತ ಗಣಿತ ಬೇಕಿಲ್ಲ.

ಮೊದಲನೆಯದು: ಏನು ಕಂಡರೆ ತನ್ನ ಮಾತು ತಪ್ಪಾದೀತೆಂದು ಲೇಖಕನು ಹೇಳಿದ್ದಾನೆಯೆ? ಏನು ಕಂಡರೂ ತಾನೇ ಸರಿಯೆನ್ನುವವನು ಏನನ್ನೂ ಹೇಳಿದಂತಾಗಲಿಲ್ಲ.

ಎರಡನೆಯದು: ಅಂಕಿಗಳಿವೆಯೆ? "ಅಪಾರ ಶಕ್ತಿ", "ಅದ್ಭುತ ವೇಗ" ಎಂಬ ಮಾತುಗಳು ಅಳತೆಗಳಲ್ಲ. 12 ಸೆಕೆಂಡು, 120 ಅಡಿ ಎಂಬುದು ಅಳತೆ. ದೊಡ್ಡದಾಗಿರಬೇಕಿಲ್ಲ, ನಿಜವಾಗಿದ್ದರೆ ಸಾಕು.

ಮೂರನೆಯದು: ಸಂಬಂಧವಿಲ್ಲದ ಇನ್ನೊಬ್ಬರು, ಸಾಧ್ಯವಾದರೆ ನಂಬಿಕೆಯಿಲ್ಲದ ಇನ್ನೊಬ್ಬರು, ತಮ್ಮ ಉಪಕರಣದಿಂದ ಮಾಡಿ ನೋಡಿದ್ದಾರೆಯೆ?

ನಾಲ್ಕನೆಯದು: ಈಗಾಗಲೇ ತಿಳಿದದ್ದಕ್ಕೆ ಹೊಸ ಮಾತು ಹೇಗೆ ಹೊಂದುತ್ತದೆ? ಐನ್‌ಸ್ಟೈನರು ನ್ಯೂಟನ್ನನನ್ನು ತಿದ್ದಿದರು. ಆದರೆ ರೈಲುಬಂಡಿಯ ವೇಗಕ್ಕೂ ಕ್ರಿಕೆಟ್ ಚೆಂಡಿಗೂ ಅವರ ಲೆಕ್ಕ ನ್ಯೂಟನ್ನನ ಉತ್ತರವನ್ನೇ ಕೊಡುತ್ತದೆ. ಹಳೆಯದನ್ನೆಲ್ಲ ಒಂದೇ ಏಟಿಗೆ ಕಸದ ಬುಟ್ಟಿಗೆ ಹಾಕುವವನು, ಆ ಹಳೆಯ ಲೆಕ್ಕದಿಂದಲೇ ಕಟ್ಟಿದ ಸೇತುವೆಗಳು ಹೇಗೆ ನಿಂತಿವೆಯೆಂಬುದಕ್ಕೂ ಉತ್ತರ ಕೊಡಬೇಕು.

ಐದನೆಯದು: ಪ್ರಶ್ನೆ ಕೇಳಿದಾಗ ಲೇಖಕನು ಯಾವ ಕಡೆಗೆ ಹೋಗುತ್ತಾನೆ? ಪ್ರಯೋಗದ ಕಡೆಗೋ, ಅಥವಾ ದೇಶಾಭಿಮಾನ, ಧರ್ಮ, ಪರದೇಶಗಳ ಸಂಚು, ವಿಜ್ಞಾನಿಗಳ ಅಸೂಯೆ ಇವುಗಳ ಕಡೆಗೋ? ಎರಡನೆಯ ಕಡೆಗೆ ಹೋದರೆ ಪುಸ್ತಕವನ್ನು ಮಡಚಿಡಬಹುದು.

ಇಂಧನವಿಲ್ಲದ ಯಂತ್ರಕ್ಕೆ ಇದನ್ನು ಹಚ್ಚಿ ನೋಡೋಣ. ಆಯಸ್ಕಾಂತಗಳನ್ನು ಒಂದು ಬಗೆಯಾಗಿ ಜೋಡಿಸಿದರೆ ಯಂತ್ರ ತನಗೆ ಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ತು ಕೊಡುವುದೆಂದು ಹೇಳುವವರಿದ್ದಾರೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನನ್ನಂಥವನಿಗೆ ಇದು ತಿಳಿಯದ ವಿಷಯವಲ್ಲ. ಜಮಾ ನೂರು ರೂಪಾಯಿ, ಖರ್ಚು ನೂರಿಪ್ಪತ್ತು, ಆದರೂ ಕೈಯಲ್ಲಿ ಶಿಲ್ಕು ಉಳಿದಿದೆಯೆಂದು ಖಾತೆ ತೋರಿಸಿದರೆ ಯಾರೂ ಸಂತೋಷಪಡುವುದಿಲ್ಲ. ಎಲ್ಲೋ ಬರೆಯದ ಜಮಾ ಇದೆಯೆಂದು ಹುಡುಕುತ್ತಾರೆ. ಶಕ್ತಿಯ ಖಾತೆಯೂ ಹಾಗೆಯೇ. ಒಂದು ರೂಪದಿಂದ ಇನ್ನೊಂದಕ್ಕೆ ವರ್ಗವಾಗುವುದುಂಟು, ಇಲ್ಲದ ಕಡೆಯಿಂದ ಹುಟ್ಟುವುದಿಲ್ಲ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿಯೇ ಇಂಥ ನಿತ್ಯಚಲನ ಯಂತ್ರಗಳ ಅರ್ಜಿಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ನಿಶ್ಚಯಿಸಿತು. ಆದರೂ ಯಾರಾದರೂ ತಂದರೆ ಜಗಳ ಬೇಡ. ಹೊರಗಿನ ತಂತಿ, ಬ್ಯಾಟರಿ ಎಲ್ಲವನ್ನೂ ಬಿಡಿಸಿ, ಯಂತ್ರವನ್ನು ನಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿ, ಒಂದು ತಿಂಗಳು ದೀಪ ಉರಿಯಲೆಂದು ಹೇಳಿರಿ. ಉರಿದರೆ ಹಣದ ಮಾತು ಆಮೇಲೆ.

ಹಣದ ಮಾತು ಬಂದುದರಿಂದ ಹೇಳಬೇಕು: 1996ರಲ್ಲಿ ತಮಿಳುನಾಡಿನ ಒಬ್ಬರು ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುವೆನೆಂದು ದೇಶದಲ್ಲೆಲ್ಲ ಹೆಸರಾದರು. ವಿಜ್ಞಾನಿಗಳ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಆದರೂ ಜನ ಹಣ ಹಾಕಿದರು, ಮಾರಾಟ ನಡೆಯಿತು. ಕೊನೆಗೆ 2016ರಲ್ಲಿ ಚೆನ್ನೈಯ ನ್ಯಾಯಾಲಯ ವಂಚನೆಗಾಗಿ ಮೂರು ವರ್ಷದ ಶಿಕ್ಷೆ ವಿಧಿಸಿತು. ಪರೀಕ್ಷೆಗೂ ತೀರ್ಪಿಗೂ ನಡುವೆ ಇಪ್ಪತ್ತು ವರ್ಷ! ಮೊದಲಿನ ಪರೀಕ್ಷೆಯ ಸುದ್ದಿಯನ್ನು ಸಾವಧಾನವಾಗಿ ಓದಿದವರ ಹಣ ಮಾತ್ರ ಉಳಿಯಿತು. ನಮ್ಮಲ್ಲಿಯೂ ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದ ಹೊತ್ತಿನಲ್ಲಿ ಇಂಥ ಯಂತ್ರಗಳ ಪ್ರತಿನಿಧಿಗಳು ಮನೆ ಹುಡುಕಿಕೊಂಡು ಬರುವುದುಂಟು. ಆದುದರಿಂದ ಇದು ಬರಿಯ ಪಂಡಿತರ ಚರ್ಚೆಯಲ್ಲ.

ಹಣಕ್ಕಿಂತ ದೊಡ್ಡದಾದ ಇನ್ನೊಂದು ನಷ್ಟವೂ ಇದೆ. ಹಾರದ ವಿಮಾನವನ್ನು ನಮ್ಮ ಪೂರ್ವಿಕರ ತಲೆಗೆ ಕಟ್ಟಿದರೆ, ಅವರು ನಿಜವಾಗಿ ಸಾಧಿಸಿದುದನ್ನೂ ಲೋಕ ಅನುಮಾನದಿಂದ ನೋಡುತ್ತದೆ. ಆರ್ಯಭಟನು ಕ್ರಿ. ಶ. 499ರಲ್ಲಿ ವೃತ್ತದ ಲೆಕ್ಕ ಹೇಳಿದನು: ವ್ಯಾಸ 20,000 ಇದ್ದರೆ ಸುತ್ತಳತೆ 62,832. ಭಾಗಿಸಿ ನೋಡಿರಿ, 3.1416 ಬರುತ್ತದೆ, ಹಗ್ಗವನ್ನೂ ಗಾಡಿಯ ಚಕ್ರವನ್ನೂ ತೆಗೆದುಕೊಂಡು ಯಾವ ದೇಶದವನಾದರೂ ತಾಳೆ ನೋಡಬಹುದು. ಇಷ್ಟು ಸೂಕ್ಷ್ಮವಾದ ಅಂಕಿಯನ್ನು ಕೊಟ್ಟೂ ಅವನು ಅದನ್ನು "ಆಸನ್ನ" ಎಂದು ಕರೆದನು. ಎಂದರೆ ಹತ್ತಿರದ್ದು, ಪೂರ್ಣ ನಿಖರವಲ್ಲ. ತನ್ನ ಮಾತು ಎಷ್ಟರಮಟ್ಟಿಗೆ ಸರಿ, ಎಲ್ಲಿಂದಾಚೆಗೆ ಸರಿಯಲ್ಲವೆಂದು ತಾನೇ ಗೆರೆ ಎಳೆದು ತೋರಿಸಿದನು. ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ಮೊದಲು ಆ ಗೆರೆ ಇದೆಯೆ ಎಂದು ಹುಡುಕಿರಿ.